ಬ್ಯಾಟ್‌ಮನ್ ಸಿನಿಮಾ ನೋಡಿ ಕಾಮಿಕ್ಸ್‌ಗೆ ಬರುವವರು ಯಾವುದನ್ನು, ಹೇಗೆ ಓದಬೇಕು

ಮೊದಲ ಸಂಚಿಕೆಯಿಂದ ಶುರು ಮಾಡಬೇಡಿ. ಬ್ಯಾಟ್‌ಮನ್ ಮೊದಲು ಕಾಣಿಸಿಕೊಂಡಿದ್ದು 1939ರಲ್ಲಿ, ‘ಡಿಟೆಕ್ಟಿವ್ ಕಾಮಿಕ್ಸ್’ನ 27ನೇ ಸಂಚಿಕೆಯಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಬಂದದ್ದನ್ನೆಲ್ಲ ಕ್ರಮವಾಗಿ ಓದಿ ಮುಗಿಸುತ್ತೇನೆ ಎಂದು ಹೊರಟವರು ಬಹುಬೇಗ ಸುಸ್ತಾಗುತ್ತಾರೆ. ಅಷ್ಟು ಕಷ್ಟಪಡುವ ಅಗತ್ಯವೂ ಇಲ್ಲ. ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಗದಾಯುದ್ಧ ಪ್ರಸಂಗಕ್ಕೆ ಹೋಗಿ ಕೂರುವವನು ಕೌರವ ಕೊನೆಗೆ ಏನಾಗುತ್ತಾನೆಂದು ತಿಳಿಯಲು ಹೋಗುವುದಿಲ್ಲ, ಈ ಮೇಳದ ಕೌರವ ಕೊಳದಿಂದ ಹೇಗೆ ಎದ್ದು ಬರುತ್ತಾನೆಂದು ನೋಡಲು ಹೋಗುತ್ತಾನೆ. ಗಾಥಮ್ ನಗರದ ಕಥೆಗಳೂ ಹಾಗೆಯೇ. ಅಪ್ಪ ಅಮ್ಮ ಸಾಯುತ್ತಾರೆ, ಮಗ ಬಾವಲಿಯ ವೇಷ ಹಾಕುತ್ತಾನೆ. ಉಳಿದದ್ದು ಬರೆದವರ, ಬಿಡಿಸಿದವರ ಕೈಚಳಕ.

ನಾನು ಹುಬ್ಬಳ್ಳಿಯಲ್ಲಿ ಪುಸ್ತಕಗಳ ಪುಟವಿನ್ಯಾಸ ಮಾಡುವವನು. ಆದ್ದರಿಂದ ನನ್ನ ಸಲಹೆಗಳು ಪುಟದ ಕಡೆಗೇ ವಾಲುತ್ತವೆ. ಯಾವ ನಟ ಒಳ್ಳೆಯ ಬ್ಯಾಟ್‌ಮನ್ ಎಂಬ ಜಗಳದಲ್ಲಿ ನನಗೆ ಆಸಕ್ತಿ ಕಡಿಮೆ.

ಮೊದಲು ‘ಇಯರ್ ಒನ್’ ಹಿಡಿಯಿರಿ. 1987ರಲ್ಲಿ ‘ಬ್ಯಾಟ್‌ಮನ್’ ಪತ್ರಿಕೆಯ 404ರಿಂದ 407ರವರೆಗಿನ ನಾಲ್ಕು ಸಂಚಿಕೆಗಳಲ್ಲಿ ಬಂದ ಕಥೆ ಇದು. ಬರೆದವರು ಫ್ರಾಂಕ್ ಮಿಲ್ಲರ್, ಚಿತ್ರ ಡೇವಿಡ್ ಮಝುಕೆಲ್ಲಿ, ಬಣ್ಣ ರಿಚ್ಮಂಡ್ ಲೂಯಿಸ್. ಈಗ ಒಂದೇ ಪುಸ್ತಕವಾಗಿ ಸಿಗುತ್ತದೆ. ಒಂದು ಸಂಜೆಗೆ ಓದಿ ಮುಗಿಯುತ್ತದೆ, ಆದರೆ ಹಾಗೆ ಓದಬೇಡಿ. ಮೊದಲ ಪುಟದಲ್ಲೇ ನಿಲ್ಲಿ. ಒಂದೇ ದಿನ ಇಬ್ಬರು ಗಾಥಮ್‌ಗೆ ಬರುತ್ತಾರೆ. ಪೊಲೀಸ್ ಅಧಿಕಾರಿ ಜಿಮ್ ಗಾರ್ಡನ್ ರೈಲಿನಲ್ಲಿ, ಮುಂದೆ ಬ್ಯಾಟ್‌ಮನ್ ಆಗುವ ಬ್ರೂಸ್ ವೇಯ್ನ್ ವಿಮಾನದಲ್ಲಿ. ರೈಲಿನಲ್ಲಿರುವವನಿಗೆ ವಿಮಾನದಲ್ಲಿ ಬರಬೇಕಿತ್ತು ಎನ್ನಿಸುತ್ತದೆ. ವಿಮಾನದಲ್ಲಿರುವವನಿಗೆ ರೈಲಿನಲ್ಲಿ ಬಂದಿದ್ದರೆ ಶತ್ರುವನ್ನು ಹತ್ತಿರದಿಂದ ನೋಡಬಹುದಿತ್ತು ಎನ್ನಿಸುತ್ತದೆ. ಇಬ್ಬರ ಸ್ವಗತಕ್ಕೂ ಬೇರೆ ಬೇರೆ ಅಕ್ಷರವಿನ್ಯಾಸವಿದೆ. ಯಾರ ಮಾತು ಎಂದು ಹೆಸರು ಹಾಕದೆಯೇ ಕಣ್ಣು ಗುರುತಿಸಿಬಿಡುತ್ತದೆ. ಅಕ್ಷರ ಬರೆದ ಟಾಡ್ ಕ್ಲೈನ್ ಅವರ ಹೆಸರನ್ನು ಅಭಿಮಾನಿಗಳು ಹೇಳುವುದೇ ಇಲ್ಲ. ನಾನು ಹೇಳುತ್ತೇನೆ, ನನ್ನ ಹೊಟ್ಟೆಪಾಡೂ ಅದೇ ಕಸುಬಿನದು.

ಪುಸ್ತಕ ಮುಗಿದ ಮೇಲೆ 2005ರ ‘ಬ್ಯಾಟ್‌ಮನ್ ಬಿಗಿನ್ಸ್’ ಅನ್ನು ಮತ್ತೊಮ್ಮೆ ನೋಡಿ. ಬಾವಲಿಗಳ ಹಿಂಡನ್ನು ಕರೆಸಿಕೊಂಡು ಪೊಲೀಸರ ಮುತ್ತಿಗೆಯಿಂದ ಪಾರಾಗುವ ದೃಶ್ಯ, ಲಂಚಕೋರ ಪೊಲೀಸ್ ಫ್ಲಾಸ್, ಕೊನೆಯಲ್ಲಿ ಖಳನಾಯಕ ಜೋಕರ್‌ನ ಸುಳಿವು, ಇವೆಲ್ಲ ಎಲ್ಲಿಂದ ಬಂದವೆಂದು ತಿಳಿಯುತ್ತದೆ. ಆದರೆ ಪಟ್ಟಿ ಮಾಡಿ ಅಲ್ಲಿಗೇ ನಿಲ್ಲಿಸಬೇಡಿ. ಏನನ್ನು ತಂದಿಲ್ಲ ಎಂದು ನೋಡಿ. ಪುಸ್ತಕದಲ್ಲಿ ಅರ್ಧ ಕಥೆ ಗಾರ್ಡನ್‌ನದು. ಹೆಂಡತಿ ಗರ್ಭಿಣಿಯಾಗಿರುವಾಗ ಸಹೋದ್ಯೋಗಿಯೊಬ್ಬಳ ಕಡೆಗೆ ಜಾರುವ, ಆ ಅಪರಾಧಪ್ರಜ್ಞೆಯಲ್ಲಿ ನಿದ್ದೆಗೆಡುವ, ತನ್ನನ್ನು ಹೊಡೆಸಿದ ಫ್ಲಾಸ್‌ನನ್ನು ಹಿಮದಲ್ಲಿ ತಡೆದು ನಿಲ್ಲಿಸಿ ಬಡಿಯುವ ಮನುಷ್ಯ ಅವನು. ಸಿನಿಮಾದ ಗಾರ್ಡನ್ ಒಳ್ಳೆಯವನು, ಅಷ್ಟೇ. ಗ್ಯಾರಿ ಓಲ್ಡ್‌ಮನ್ ಅವರಂಥ ನಟ ಸಿಕ್ಕಿದ್ದೂ ಆ ಮನುಷ್ಯನನ್ನು ಬಿಟ್ಟುಕೊಟ್ಟರಲ್ಲ ಎಂಬ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಓದುವ ಸಾಧನದ ಬಗ್ಗೆ ಒಂದು ಮಾತು. ಮೊಬೈಲ್ ಆ್ಯಪ್‌ಗಳಲ್ಲಿ ಪುಟದ ಒಂದೊಂದೇ ಚಿತ್ರಚೌಕವನ್ನು (ಪ್ಯಾನೆಲ್) ಹಿಗ್ಗಿಸಿ ತೋರಿಸುವ ಸೌಲಭ್ಯ ಇರುತ್ತದೆ. ಅದನ್ನು ಆಫ್ ಮಾಡಿಬಿಡಿ. ಕಾಮಿಕ್ಸ್‌ನ ಘಟಕ ಚೌಕವಲ್ಲ, ಪುಟ. ಮೊದಲು ಇಡೀ ಪುಟವನ್ನು ಒಮ್ಮೆ ನೋಡಿ, ಕತ್ತಲು ಎಲ್ಲಿ ಗುಂಪಾಗಿದೆ, ಬೆಳಕು ಎಲ್ಲಿದೆ ಎಂದು ಗಮನಿಸಿ, ಆಮೇಲೆ ಮಾತುಗಳನ್ನು ಓದಿ. ಸಾಧ್ಯವಾದರೆ ಮುದ್ರಿತ ಪ್ರತಿಯನ್ನೇ ಕೊಳ್ಳಿ. ಹಳೆಯ ಪುಸ್ತಕದಂಗಡಿಗಳಲ್ಲಿ ತುಸು ಮಾಸಿದ ಪ್ರತಿ ಸಿಕ್ಕರೂ ತೊಂದರೆಯಿಲ್ಲ. ಮೊಬೈಲೇ ಗತಿ ಎಂದಾದರೆ ಅಡ್ಡ ಹಿಡಿಯಬೇಡಿ, ಉದ್ದಕ್ಕೆ ಹಿಡಿಯಿರಿ.

ಎರಡನೆಯದು ಮಿಲ್ಲರ್ ಅವರದೇ ‘ದ ಡಾರ್ಕ್ ನೈಟ್ ರಿಟರ್ನ್ಸ್’, 1986ರದು. ಇದರಲ್ಲಿ ಒಂದು ಪ್ರಯೋಗ ಮಾಡಿ ನೋಡಿ. ಮೊದಲ ಭಾಗದಲ್ಲಿ ಬ್ರೂಸ್‌ಗೆ ತಂದೆತಾಯಿಯ ಕೊಲೆ ನೆನಪಾಗುವ ಪುಟಗಳಿವೆ. ಪುಟವನ್ನು ಹದಿನಾರು ಪುಟ್ಟ ಚೌಕಗಳಾಗಿ ಕತ್ತರಿಸುವ ಚೌಕಟ್ಟಿನಲ್ಲಿ, ಹೆಚ್ಚುಕಡಿಮೆ ಮಾತೇ ಇಲ್ಲದೆ, ಪಿಸ್ತೂಲು ತಾಯಿಯ ಮುತ್ತಿನ ಹಾರಕ್ಕೆ ಸಿಕ್ಕಿಕೊಳ್ಳುತ್ತದೆ, ಹಾರ ಕಡಿಯುತ್ತದೆ, ಮುತ್ತುಗಳು ಉದುರುತ್ತವೆ. ಈಗ 2016ರ ‘ಬ್ಯಾಟ್‌ಮನ್ ವರ್ಸಸ್ ಸೂಪರ್‌ಮ್ಯಾನ್’ನ ಆರಂಭ ಹಾಕಿ. ಅದೇ ಪಿಸ್ತೂಲು, ಅದೇ ಹಾರ, ನಿಧಾನಗತಿಯಲ್ಲಿ. ನಿರ್ದೇಶಕರು ಚಿತ್ರವನ್ನು ಬಹಳ ನಿಷ್ಠೆಯಿಂದ ನಕಲು ಮಾಡಿದ್ದಾರೆ. ಆದರೂ ಎದೆಗೆ ತಾಕುವುದಿಲ್ಲ. ಪುಟದಲ್ಲಿ ಒಂದು ಮುತ್ತಿನಿಂದ ಇನ್ನೊಂದು ಮುತ್ತಿಗೆ ಹೋಗಲು ಎಷ್ಟು ಹೊತ್ತು ಬೇಕೆಂದು ತೀರ್ಮಾನಿಸುವವರು ನೀವು. ಎರಡು ಚೌಕಗಳ ನಡುವಿನ ಖಾಲಿ ಪಟ್ಟಿಯಲ್ಲಿ ಕೊಲೆ ನಡೆಯುವುದು ನಿಮ್ಮ ತಲೆಯೊಳಗೆ. ತೆರೆಯ ಮೇಲೆ ಆ ಖಾಲಿ ಜಾಗವನ್ನು ಕ್ಯಾಮೆರಾ ತುಂಬಿಬಿಟ್ಟಿರುತ್ತದೆ. ಕಾಮಿಕ್ಸ್‌ನಿಂದ ದೃಶ್ಯವನ್ನು ಯಥಾವತ್ತಾಗಿ ಎತ್ತಿಕೊಂಡ ಸಿನಿಮಾಗಳು ಸೋಲುವುದು ಇಲ್ಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಗೆಲ್ಲುವವರು ಬೇರೆ ದಾರಿ ಹಿಡಿಯುತ್ತಾರೆ. ಜೆಫ್ ಲೋಬ್ ಬರೆದು ಟಿಮ್ ಸೇಲ್ ಚಿತ್ರಿಸಿದ, 1996–97ರಲ್ಲಿ ಹದಿಮೂರು ಸಂಚಿಕೆಗಳಲ್ಲಿ ಬಂದ ‘ದ ಲಾಂಗ್ ಹ್ಯಾಲೋವೀನ್’ ಓದಿ. ಅದರಲ್ಲಿ ಮಾಫಿಯಾ ದೊರೆ ಫಾಲ್ಕೋನೆಯ ಹಣದ ರಾಶಿಗೆ ಬೆಂಕಿ ಬೀಳುತ್ತದೆ, ಇಡುವವರು ಬ್ಯಾಟ್‌ಮನ್ ಮತ್ತು ವಕೀಲ ಹಾರ್ವಿ ಡೆಂಟ್. 2008ರ ‘ದ ಡಾರ್ಕ್ ನೈಟ್’ನಲ್ಲೂ ಹಣದ ರಾಶಿ ಉರಿಯುತ್ತದೆ, ಬೆಂಕಿ ಹಚ್ಚುವವನು ಜೋಕರ್. ಗಾರ್ಡನ್, ಡೆಂಟ್, ಬ್ಯಾಟ್‌ಮನ್ ಮೂವರೂ ಮಾಳಿಗೆಯ ಮೇಲೆ ಸೇರುವ ದೃಶ್ಯವನ್ನು ಉಳಿಸಿಕೊಂಡು, ಬೆಂಕಿಯನ್ನು ಮಾತ್ರ ಬೇರೆ ಕೈಗೆ ಕೊಟ್ಟರು. ಕಾನೂನು ಮೀರುವ ಒಳ್ಳೆಯವರ ಕೆಲಸ ಅಲ್ಲಿ ಹಣಕ್ಕೆ ಬೆಲೆಯೇ ಕೊಡದ ಹುಚ್ಚನ ಕೆಲಸವಾಯಿತು. ಇದನ್ನು ನಾನು ರೂಪಾಂತರ ಎನ್ನುತ್ತೇನೆ. ‘ಮೂಲದಲ್ಲಿ ಹೀಗಿರಲಿಲ್ಲ’ ಎಂದು ಗೊಣಗುವವರ ಪಕ್ಕದಲ್ಲಿ ಕೂತು ಸಿನಿಮಾ ನೋಡಬೇಡಿ.

‘ದ ಕಿಲ್ಲಿಂಗ್ ಜೋಕ್’ (1988) ಮಕ್ಕಳಿಗೆ ಕೊಡುವಂಥದ್ದಲ್ಲ; ಜಿಮ್ ಗಾರ್ಡನ್‌ನ ಮಗಳು, ಬ್ಯಾಟ್‌ಗರ್ಲ್ ಆಗಿದ್ದ ಬಾರ್ಬರಾ ಮೇಲೆ ನಡೆಯುವ ಹಿಂಸೆ ದೊಡ್ಡವರಿಗೂ ಕಸಿವಿಸಿ ಮಾಡುತ್ತದೆ. ಕೊಳ್ಳುವ ಮೊದಲು ಯಾವ ಬಣ್ಣದ ಪ್ರತಿ ಎಂದು ನೋಡಿಕೊಳ್ಳಿ. ಮೊದಲ ಮುದ್ರಣಕ್ಕೆ ಜಾನ್ ಹಿಗ್ಗಿನ್ಸ್ ಢಾಳಾದ ಬಣ್ಣ ಹಾಕಿದ್ದರು. 2008ರ ಆವೃತ್ತಿಗೆ ಚಿತ್ರಕಾರ ಬ್ರಯನ್ ಬೋಲಂಡ್ ಅವರೇ ಹೊಸದಾಗಿ ಬಣ್ಣ ತುಂಬಿದರು, ಜೋಕರ್‌ನ ಹಿಂದಿನ ಕಥೆಯ ಪುಟಗಳನ್ನು ಬಹುತೇಕ ಕಪ್ಪುಬಿಳುಪಾಗಿಸಿ ಅಲ್ಲಲ್ಲಿ ಒಂದು ವಸ್ತುವಿಗೆ ಮಾತ್ರ ಕೆಂಪು ಕೊಟ್ಟರು. ಆ ಪುಟಗಳಿಗೆ ಬೋಲಂಡ್ ಬಣ್ಣವೇ ಸರಿ. ಆದರೆ ಜಾತ್ರೆ ಮೈದಾನದ ಪುಟಗಳಿಗೆ ಹಿಗ್ಗಿನ್ಸ್ ಅವರ ಜ್ವರವೇ ಬೇಕು. 2016ರ ಅನಿಮೇಷನ್ ಚಿತ್ರವನ್ನು ಬಿಟ್ಟುಬಿಡಿ. ಮೂಲ ಚಿಕ್ಕದೆಂದು ಮುಂಭಾಗಕ್ಕೆ ಬ್ಯಾಟ್‌ಗರ್ಲ್ ಕಥೆಯೊಂದನ್ನು ಹೊಲಿದಿದ್ದಾರೆ, ಹೊಲಿಗೆ ಎದ್ದು ಕಾಣುತ್ತದೆ.

ನನ್ನ ಅಕ್ಕನ ಮಗ ಒಮ್ಮೆ ಕೇಳಿದ: “ಮಾಮಾ, ಯಾವಾಗಲೂ ಕಾಮಿಕ್ಸೇ ಮೇಲಾ?” ಅಲ್ಲ. 1992ರಲ್ಲಿ ಶುರುವಾದ ಬ್ಯಾಟ್‌ಮನ್ ಅನಿಮೇಷನ್ ಧಾರಾವಾಹಿಯನ್ನು ನೋಡಿ. ಅದರ ಹಿನ್ನೆಲೆಗಳನ್ನು ಕಪ್ಪು ಕಾಗದದ ಮೇಲೆ ಬರೆಯುತ್ತಿದ್ದರು, ಬೆಳಕನ್ನಷ್ಟೇ ಬಣ್ಣದಿಂದ ಹೊರತೆಗೆಯುತ್ತಿದ್ದರು. ಜೋಕರ್‌ನ ಜೊತೆಗಾತಿ ಹಾರ್ಲಿ ಕ್ವಿನ್ ಹುಟ್ಟಿದ್ದು ಅಲ್ಲಿ; ಕಾಮಿಕ್ಸ್‌ಗೆ ಬಂದದ್ದು ಆಮೇಲೆ. ಖಳನಾಯಕ ಮಿಸ್ಟರ್ ಫ್ರೀಝ್‌ಗೆ ಕಾಯಿಲೆಯ ಹೆಂಡತಿಯನ್ನೂ ದುಃಖವನ್ನೂ ಕೊಟ್ಟದ್ದು ‘ಹಾರ್ಟ್ ಆಫ್ ಐಸ್’ ಎಂಬ ಕಂತು. ಅದನ್ನು ಕಾಮಿಕ್ಸ್‌ನವರು ಎರವಲು ತಂದರು.

ಇಷ್ಟು ಓದಿದ ಮೇಲೆ ಮುಂದಿನ ಪುಸ್ತಕವನ್ನು ನಾಯಕನ ಹೆಸರು ನೋಡಿ ಆರಿಸಬೇಡಿ, ಕಲಾವಿದರ ಹೆಸರು ನೋಡಿ ಆರಿಸಿ. ಮಝುಕೆಲ್ಲಿ ಹಿಡಿಸಿದ್ದರೆ ಅವರು ಮಿಲ್ಲರ್ ಜೊತೆ ಮಾರ್ವೆಲ್‌ಗೆ ಮಾಡಿದ ‘ಡೇರ್‌ಡೆವಿಲ್: ಬಾರ್ನ್ ಅಗೇನ್’ (1986) ಹುಡುಕಿ. ಅದೇ ಹೆಸರಿನ 2025ರ ಸರಣಿ ನೋಡಿ ಆ ಕಥೆ ಗೊತ್ತಾಯಿತು ಎಂದುಕೊಳ್ಳಬೇಡಿ, ಅದು ಬೇರೆಯೇ ಕಥೆ. ಪುಸ್ತಕದ ಒಂದಿಷ್ಟು ಅಂಶ ಸಿಗುವುದು 2018ರ ‘ಡೇರ್‌ಡೆವಿಲ್’ ಮೂರನೇ ಸೀಸನ್‌ನಲ್ಲಿ.