ಲ್ಯಾಬಿನಲ್ಲಿ ಗಂಧದೆಣ್ಣೆ ಇಳಿಸುವ ಬಗೆ

ಮೈಸೂರಿನ ನಮ್ಮ ಕಾಲೇಜಿನಲ್ಲಿ ಪ್ರತಿ ವರ್ಷ ಇದನ್ನು ಮಕ್ಕಳ ಕೈಯಲ್ಲೇ ಮಾಡಿಸುತ್ತೇನೆ. ಸಿಲಬಸ್‌ನಲ್ಲಿಲ್ಲ, ಆದರೂ ಬಿಡುವುದಿಲ್ಲ.

ಮೊದಲು 50 ಗ್ರಾಂ ಗಂಧದ ಪುಡಿ ತನ್ನಿ. ಸರ್ಕಾರಿ ಮಳಿಗೆಯಲ್ಲೇ ಕೊಳ್ಳಿ, ಬಿಲ್ ಇಟ್ಟುಕೊಳ್ಳಿ. ಚೇಗಿನ, ಅಂದರೆ ಮರದ ಒಳತಿರುಳಿನ, ಪುಡಿಯೇ ಆಗಬೇಕು. ಹೊರಗಿನ ಬಿಳಿ ಮರದಲ್ಲಿ ಎಣ್ಣೆ ಇರುವುದಿಲ್ಲ. ಒಂದು ಲೀಟರಿನ ಫ್ಲಾಸ್ಕ್‌ನಲ್ಲಿ ಅರ್ಧ ಲೀಟರ್ ನೀರು ಹಾಕಿ ರಾತ್ರಿಯಿಡೀ ನೆನೆಸಿ.

ನೆನೆಯುವ ಹೊತ್ತಿನಲ್ಲಿ ನಾನು ಮಕ್ಕಳಿಗೆ 1914ರ ಕಥೆ ಹೇಳುತ್ತೇನೆ. ಅಲ್ಲಿಯವರೆಗೆ ನಮ್ಮ ಗಂಧ ಮರವಾಗಿಯೇ ಹಡಗು ಹತ್ತಿ ಯುರೋಪಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವ ವಿದ್ಯೆಯಲ್ಲಿ ಜರ್ಮನಿ ಮುಂದಿತ್ತು. ಮೊದಲ ಮಹಾಯುದ್ಧ ಶುರುವಾಗಿ ಆ ದಾರಿ ಮುಚ್ಚಿತು, ಮರ ಇಲ್ಲೇ ರಾಶಿ ಬಿತ್ತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಈಗಿನ ಭಾರತೀಯ ವಿಜ್ಞಾನ ಸಂಸ್ಥೆ) ರಸಾಯನ ವಿಜ್ಞಾನಿಗಳಾದ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಇಳಿಸುವ ಕೆಲಸಕ್ಕೆ ಕೈ ಹಾಕಿದರು. ನಾವು ಈಗ ಮಾಡುತ್ತಿರುವುದೂ ಅದೇ ಕೆಲಸ, ಸಣ್ಣದಾಗಿ.

ಬೆಳಿಗ್ಗೆ ಫ್ಲಾಸ್ಕ್‌ಗೆ ಕಂಡೆನ್ಸರ್ (ಹಬೆಯನ್ನು ತಣಿಸಿ ನೀರಾಗಿಸುವ ಕೊಳವೆ) ಜೋಡಿಸಿ, ಉರಿ ಸಣ್ಣಗಿಡಿ. ಒಂದು ಸಲ ನಾನು ಅವಸರಕ್ಕೆ ಉರಿ ಜಾಸ್ತಿ ಮಾಡಿದೆ. ಪುಡಿ ನೊರೆಯಾಗಿ ಉಕ್ಕಿ ಕಂಡೆನ್ಸರ್‌ಗೆ ನುಗ್ಗಿತು, ಇಡೀ ದಿನದ ಕೆಲಸ ಹಾಳಾಯಿತು. ಗಂಧದೆಣ್ಣೆಗೆ ಅವಸರ ಆಗುವುದೇ ಇಲ್ಲ. ಅದರ ಮುಖ್ಯ ಅಂಶ ಸ್ಯಾಂಟಲಾಲ್ ಕುದಿಯುವುದು ಸುಮಾರು 300 ಡಿಗ್ರಿಗೆ. ಹಬೆಯ ಜೊತೆಗಾದರೆ 100ರ ಹತ್ತಿರವೇ ಬರುತ್ತದೆ, ಆದರೆ ಒಂದೊಂದೇ ಹನಿ. ಕಾರ್ಖಾನೆಯಲ್ಲೂ ಇದು ದಿನಗಟ್ಟಲೆ ನಡೆಯುವ ಕೆಲಸ. ನೀವು ಐದಾರು ಗಂಟೆ ಕೂರಲೇಬೇಕು. ಫ್ಲಾಸ್ಕ್‌ನಲ್ಲಿ ನೀರು ಇಳಿದಂತೆ ಬಿಸಿನೀರು ಸೇರಿಸುತ್ತಿರಿ.

ಈಗ ನಿಜವಾದ ಕಷ್ಟ. ಬೀಕರಿಗೆ ಬಿದ್ದದ್ದು ಹಾಲಿನಂತೆ ಮಂಕಾಗಿರುತ್ತದೆ. ಎಣ್ಣೆ ಎಲ್ಲಿ ಅಂತ ಮಕ್ಕಳು ಕೇಳುತ್ತಾರೆ. ಗಂಧದೆಣ್ಣೆಯ ಸಾಂದ್ರತೆ ಸುಮಾರು 0.97, ಹೆಚ್ಚೂಕಡಿಮೆ ನೀರಿನಷ್ಟೇ. ಹಾಗಾಗಿ ಮೇಲೇಳದೆ ನೀರಿನಲ್ಲೇ ತೇಲಾಡುತ್ತಿರುತ್ತದೆ. ಅಡುಗೆ ಉಪ್ಪು ಹಾಕಿ, ಕರಗುವಷ್ಟೂ ಹಾಕಿ, ಸುಮ್ನೆ ಬಿಡಿ. ನೀರು ಭಾರವಾಗಿ, ಸ್ವಲ್ಪ ಹೊತ್ತಿಗೆ ತಿಳಿ ಹಳದಿ ಮಣಿಗಳು ಮೇಲೆ ಬಂದು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಇದನ್ನು ನೋಡುವಾಗ ನನಗೆ ಈಗಲೂ ಮೈ ಜುಂ ಎನ್ನುತ್ತದೆ.

ಕೆಳಗೆ ನಲ್ಲಿ ಇರುವ ಸೆಪರೇಟಿಂಗ್ ಫನಲ್‌ನಲ್ಲಿ ಎಣ್ಣೆ ಬೇರೆ ಮಾಡಿ. ಒಳ್ಳೆ ಚೇಗಿನಲ್ಲಿ ನೂರಕ್ಕೆ ನಾಲ್ಕೈದು ಭಾಗ ಎಣ್ಣೆ ಇರುತ್ತದೆ, ಲ್ಯಾಬಿನಲ್ಲಿ ನಮಗೆ ದಕ್ಕುವುದು ಕೆಲವೇ ಹನಿ. ಬೇಸರ ಬೇಡ. ಇಂಗ್ಲೆಂಡಿಗೆ ಹೋಗಿ ಸೋಪಿನ ವಿದ್ಯೆ ಕಲಿತು ಬಂದ ಎಸ್.ಜಿ. ಶಾಸ್ತ್ರಿಯವರು ಈ ಎಣ್ಣೆಯನ್ನೇ ಸೋಪಿಗೆ ಸೇರಿಸಿದರು. ಅವರಿಗೆ ಸೋಪ್ ಶಾಸ್ತ್ರಿ ಅಂತಲೇ ಹೆಸರು ಬಿತ್ತು, ಅಲ್ವಾ.

ಎಣ್ಣೆಯನ್ನು ಕಂದು ಸೀಸೆಗೆ ಹಾಕಿ, ಮೇಲೆ ತಾರೀಖು, ತೂಕ, ಎಷ್ಟು ಗಂಟೆ ಇಳಿಸಿದಿರಿ ಎಂದು ಬರೆಯಿರಿ. ಉಳಿದ ಪುಡಿ ಬಿಸಾಡಬೇಡಿ, ಅದರಲ್ಲಿ ಇನ್ನೂ ಪರಿಮಳವಿದೆ. ನೆರಳಲ್ಲಿ ಒಣಗಿಸಿದರೆ ಧೂಪಕ್ಕಾಗುತ್ತದೆ.