ಕುಲುಕಿದ ವಿಮಾನ ಇಳಿದ ಮೇಲೆ ರೇಡಿಯೊ ಕೇಳುವ ಬಗೆ

ಮಳೆಗಾಲದಲ್ಲಿ ಮುಂಬೈಗೆ ಬಂದಿಳಿದ ಮಾಟುಂಗ, ಡೊಂಬಿವಲಿಯ ನಮ್ಮವರು ‘ವಿಮಾನ ಸಾವಿರ ಅಡಿ ಬಿತ್ತು, ಪೈಲಟ್ ಏನಂದ್ರು ಕೇಳಿಸಿ’ ಅನ್ನುತ್ತಾರೆ. ನಾನು ರೇಡಿಯೊದ ದನಿಯನ್ನು ಕೊನೆಗೆ ಕೇಳುತ್ತೇನೆ. ಮೊದಲೇ ಕೇಳಿದರೆ ಮಾಮೂಲಿ ಮಾತಿನಲ್ಲೂ ಗಾಬರಿ ಇದ್ದಂತೆ ಅನಿಸುತ್ತದೆ. ಮೊದಲು ಹೊತ್ತು, ಆಮೇಲೆ ಗಾಳಿ, ಆಮೇಲೆ ಹಾದಿ, ಕಡೆಗೆ ದನಿ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಇಲ್ಲಿ ಏರ್‌ಬ್ಯಾಂಡ್ ರಿಸೀವರ್, ಅಂದರೆ ಪೈಲಟ್ ಮಾತು ಹಿಡಿಯುವ ರೇಡಿಯೊ, ಇಟ್ಟುಕೊಳ್ಳಲು 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕಾಲದಿಂದಲೂ ಪರವಾನಗಿ ಬೇಕು. ಅದಕ್ಕೇ ಮುಂಬೈ ಕಡೆಯ ಲೆಕ್ಕವನ್ನು ಹವಾಮಾನ ವರದಿ ಮತ್ತು ಹಾದಿಯ ದಾಖಲೆಯಿಂದಲೇ ಮುಗಿಸುತ್ತೇನೆ. ದನಿ ಕೇಳುವುದು ಅಮೆರಿಕದಂಥ ಕಡೆ ಇಳಿದ ವಿಮಾನಗಳದ್ದು ಮಾತ್ರ. ಅಲ್ಲಿನ ಸಂಭಾಷಣೆ ಲೈವ್‌ಎಟಿಸಿ ತಾಣದಲ್ಲಿ ಸಿಗುತ್ತದೆ.

ಎಲ್ಲ ದಾಖಲೆಯೂ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿ ಇರುತ್ತದೆ. ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆಯಬೇಕು: ರಾತ್ರಿ 10.10ಕ್ಕೆ ಇಳಿದದ್ದು 16.40. ಹೆಚ್ಚಿನವರು ಎಡವುವುದು ಇಲ್ಲೇ. ಬೆಳಗಿನ ಜಾವದ ವಿಮಾನವಾದರೆ ತಾರೀಖೂ ಹಿಂದಿನ ದಿನದ್ದಾಗುತ್ತದೆ.

ಮುಂಬೈಯ ಮೆಟಾರ್, ಅಂದರೆ ವಿಮಾನ ನಿಲ್ದಾಣದ ಹವಾಮಾನ ವರದಿ, ಅರ್ಧ ಗಂಟೆಗೊಮ್ಮೆ ಬರುತ್ತದೆ. ಹಳೆಯವು ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಭಂಡಾರದಲ್ಲಿವೆ, ಮುಂಬೈ ನಿಲ್ದಾಣದ ಸಂಕೇತ ವಿಎಬಿಬಿ ಎಂದು ಹುಡುಕಬೇಕು. ಮಾದರಿಗೆ ‘24018ಜಿ30ಕೆಟಿ 1500 +ಎಸ್‌ಎಚ್‌ಆರ್‌ಎ’ ಎಂದಿದೆ ಅನ್ನಿ. ಗಾಳಿ 240 ಡಿಗ್ರಿಯಿಂದ, ವೇಗ 18 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.), ನಡುನಡುವೆ 30ರ ಹೊಡೆತ. 1500 ಮೀಟರ್‌ವರೆಗೆ ಕಾಣುತ್ತದೆ, ಜೋರು ಮಳೆ. ಘಾಟ್‌ಕೋಪರ್ ಮೇಲಿಂದ 27ನೇ ರನ್‌ವೇಗೆ ಬರುವ ವಿಮಾನದ ಮೂತಿ 270 ಡಿಗ್ರಿಗೆ. ಗಾಳಿಗೂ ಅದಕ್ಕೂ 30 ಡಿಗ್ರಿ ವ್ಯತ್ಯಾಸ. ಅಡ್ಡಗಾಳಿ ಅರ್ಧ ಪಾಲು: 9 ನಾಟ್, ಹೊಡೆತಕ್ಕೆ 15. ಇದು ದೊಡ್ಡದಲ್ಲ. ಕುಲುಕಿಸುವುದು ಎದುರುಗಾಳಿ: ಅದು 16ರಿಂದ 26ಕ್ಕೆ ಹಾರಿ ಮತ್ತೆ ಬೀಳುತ್ತದೆ. ಒಮ್ಮೆ ರೆಕ್ಕೆಗೆ ಎತ್ತುವ ಬಲ ಹೆಚ್ಚು, ಮರುಕ್ಷಣ ಕಡಿಮೆ. ಎಂಜಿನ್ ಸದ್ದು ಏರಿಳಿಯುವುದೂ ಅದಕ್ಕೇ.

ಹಾದಿಗೆ ವಿಮಾನಗಳ ಜಾಡು ತೋರಿಸುವ ತಾಣ ಫ್ಲೈಟ್‌ರಾಡಾರ್24 ಸಾಕು. ದುಡ್ಡು ಕೊಡದವರಿಗೆ 7 ದಿನದ ಇತಿಹಾಸ ಸಿಗುತ್ತದೆ, ಅಷ್ಟರೊಳಗೆ ತೆಗೆದಿಟ್ಟುಕೊಳ್ಳಿ. ಅದರಲ್ಲಿ ಕಾಣುವ ಎತ್ತರ ಗಾಳಿಯ ಒತ್ತಡ 1013 ಹೆಕ್ಟೋಪಾಸ್ಕಲ್ ಎಂದು ಎಣಿಸಿ ಲೆಕ್ಕ ಹಾಕಿದ್ದು. ಮಳೆಗಾಲದ ಮುಂಬೈಯಲ್ಲಿ ಒತ್ತಡ 1003 ಇದ್ದರೆ, ಹೆಕ್ಟೋಪಾಸ್ಕಲ್‌ಗೆ ಸುಮಾರು 28 ಅಡಿಯಂತೆ 280 ಅಡಿ ಕಳೆಯಬೇಕು. ಇಲ್ಲದಿದ್ದರೆ ನೆಲ ಮುಟ್ಟುವಂತಿರುವ ವಿಮಾನ ಇನ್ನೂ 300 ಅಡಿ ಮೇಲಿದ್ದಂತೆ ಕಾಣುತ್ತದೆ. ಇಳಿಯುವ ದರ ಸರಿಯಿತ್ತೇ ಎಂದು ನೋಡಲು ನೆಲದ ವೇಗವನ್ನು 5ರಿಂದ ಗುಣಿಸಿ: 140 ನಾಟ್‌ಗೆ ನಿಮಿಷಕ್ಕೆ 700 ಅಡಿ. ಇಳಿಯುತ್ತಿದ್ದ ಗೆರೆ ಥಟ್ಟನೆ ಮೇಲಕ್ಕೆ ತಿರುಗಿದ್ದರೆ ಅದು ಗೋ-ಅರೌಂಡ್, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿದ್ದು. ಆದರೆ ಇದು ಸೆಕೆಂಡು ಸೆಕೆಂಡಿನ ದಾಖಲೆಯಲ್ಲ. ಚಿಕ್ಕ ಜರ್ಕು ಇದರಲ್ಲಿ ಕಾಣಿಸದು. ಗೆರೆ ನೆಟ್ಟಗಿದೆ ಎಂದು ಪ್ರಯಾಣಿಕರ ಮಾತನ್ನು ಸುಳ್ಳು ಅನ್ನಬೇಡಿ.

ಇನ್ನು ದನಿ. ಲೈವ್‌ಎಟಿಸಿಯ ಕಡತಗಳು ಅರ್ಧರ್ಧ ಗಂಟೆಯವು. ನ್ಯೂಯಾರ್ಕ್‌ನ ಬೇಸಿಗೆಯಲ್ಲಿ ಬೆಳಗ್ಗೆ 6.50ಕ್ಕೆ ಇಳಿದಿದ್ದರೆ 10.50 ಯುಟಿಸಿ, ಅಪ್ರೋಚ್ (ನಿಲ್ದಾಣದತ್ತ ಬರುವ ವಿಮಾನಕ್ಕೆ ದಾರಿ ಹೇಳುವವರು) ಮತ್ತು ಟವರ್ (ರನ್‌ವೇ ನೋಡಿಕೊಳ್ಳುವವರು) ಎರಡರದ್ದೂ 10.30ರ ಕಡತ ಬೇಕು, ಗೋ-ಅರೌಂಡ್ ಆಗಿದ್ದರೆ ಹಿಂದಿನದೂ. ಟಿಕೆಟ್ಟಿನ ಸಂಖ್ಯೆ ಹಿಡಿದು ಕೇಳಿದರೆ ವಿಮಾನ ತಪ್ಪಿಹೋಗಬಹುದು. ಇಂಡಿಗೋ ರೇಡಿಯೊದಲ್ಲಿ ‘ಐಫ್ಲೈ’, ಬ್ರಿಟಿಷ್ ಏರ್‌ವೇಸ್ ‘ಸ್ಪೀಡ್‌ಬರ್ಡ್’. ರೇಡಿಯೊದಲ್ಲಿ ಕರೆಯುವ ಈ ಹೆಸರನ್ನು, ಅಂದರೆ ಕಾಲ್‌ಸೈನ್ ಅನ್ನು, ಫ್ಲೈಟ್‌ರಾಡಾರ್24ರಿಂದಲೇ ಬರೆದುಕೊಳ್ಳಿ. ಅಮೆರಿಕದಲ್ಲಿ ದೊಡ್ಡ ವಿಮಾನಕ್ಕೆ ಕೊನೆಯಲ್ಲಿ ‘ಹೆವಿ’ ಸೇರುತ್ತದೆ.

ವಿಮಾನದ ರೇಡಿಯೊ ಬಳಸುವ ವಿಎಚ್‌ಎಫ್ ಅಲೆ ನೇರ ದೃಷ್ಟಿಯ ಹಾದಿಯಲ್ಲಿ ಸಾಗುವುದರಿಂದ ಮೇಲಿರುವ ಪೈಲಟ್ ದನಿ ಸ್ಪಷ್ಟವಾಗಿರುತ್ತದೆ, ನೆಲದ ಕಂಟ್ರೋಲರ್ ದನಿ ಕೆಲವೊಮ್ಮೆ ಕ್ಷೀಣ. ಆಗ ಪೈಲಟ್ ತಿರುಗಿ ಓದಿ ಹೇಳುವ ಮಾತಿನಿಂದಲೇ ಆದೇಶವನ್ನು ಊಹಿಸಬೇಕು. ನಡುವೆ ‘ಕೀಂಯ್’ ಎಂಬ ಸದ್ದು ಬಂದರೆ ಇಬ್ಬರು ಒಟ್ಟಿಗೆ ಗುಂಡಿ ಒತ್ತಿದ್ದಾರೆ ಎಂದರ್ಥ; ಹಿಂದೆಯೇ ಯಾರೋ ‘ಬ್ಲಾಕ್ಡ್’ ಅನ್ನುತ್ತಾರೆ. ವಿಮಾನಯಾನ ಇಂದಿಗೂ ಎಎಂ ಎಂಬ ಹಳೆಯ ರೇಡಿಯೊ ಪ್ರಸಾರದ ಬಗೆಯನ್ನೇ ಉಳಿಸಿಕೊಂಡಿರುವುದರ ಲಾಭ ಇದು. ಎಫ್‌ಎಂ ಆಗಿದ್ದರೆ ಜೋರಿನ ದನಿ ಸಣ್ಣದನ್ನು ನುಂಗಿಬಿಡುತ್ತಿತ್ತು, ಇನ್ನೊಬ್ಬರು ಕರೆದದ್ದೇ ತಿಳಿಯುತ್ತಿರಲಿಲ್ಲ.

ಕುಲುಕನ್ನು ಪೈಲಟ್ ‘ಮಾಡರೇಟ್’ ಎಂದರೆ ಬೆಲ್ಟು ಬಿಗಿಯುವಷ್ಟು, ಸಡಿಲ ಸಾಮಾನು ಜಾರುವಷ್ಟು ಕುಲುಕು. ‘ಸಿವಿಯರ್’ ಎಂಬ ಮಾತನ್ನು ವಿಮಾನ ಕ್ಷಣಕಾಲ ಹಿಡಿತ ತಪ್ಪುವಂಥದಕ್ಕೇ ಮೀಸಲಿಡುತ್ತಾರೆ. ಗೋ-ಅರೌಂಡ್ ಆದಾಗ ಕೇಳುವುದು ‘ಗೋಯಿಂಗ್ ಅರೌಂಡ್’ ಎಂಬ ಎರಡೇ ಪದ, ಆಮೇಲೆ ಸ್ವಲ್ಪ ಮೌನ. ಆ ಹೊತ್ತಿನಲ್ಲಿ ಅವರ ಕೈ ತುಂಬ ಕೆಲಸ. ಮೌನವನ್ನು ಅಪಾಯವೆಂದು ಓದಬೇಡಿ.

ಇಳಿದ ಮೇಲೂ ಒಂದೆರಡು ನಿಮಿಷ ಕೇಳುತ್ತಿರಿ. ‘400 ಅಡಿಯಲ್ಲಿ 15 ನಾಟ್ ವೇಗ ಕಳೆದುಕೊಂಡೆವು’ ಎಂದು ಪೈಲಟ್ ವರದಿ ಕೊಟ್ಟಿದ್ದರೆ, ಟವರ್ ಅದೇ ಅಂಕಿಯನ್ನು ಹಿಂದೆ ಬರುತ್ತಿರುವ ವಿಮಾನಕ್ಕೆ ಓದಿ ಹೇಳುತ್ತದೆ. ನಿಮ್ಮ ಹೊಟ್ಟೆ ತೊಳಸಿದ ಆ ಕ್ಷಣ ಎಷ್ಟು ನಾಟ್‌ನದು ಎಂಬುದು ಗೊತ್ತಾಗುವುದು ಅಲ್ಲೇ.