ಕೊಂಡಜ್ಜಿ ಗುಡ್ಡದಲ್ಲಿ ನಮ್ಮ ಮೊದಲ ಅಡ್ವೆಂಚರ್ ರೇಸ್

ಮೊದಲೇ ಹೇಳಿಬಿಡುತ್ತೇನೆ, ನಾನು ಓಟಗಾರನಲ್ಲ. ದಾವಣಗೆರೆಯಲ್ಲಿ ಬೆಳಿಗ್ಗೆ ಎದ್ದು ನಾಲ್ಕೈದು ಕಿಲೋಮೀಟರ್ ಓಡುವ, ಭಾನುವಾರ ಸೈಕಲ್ ತುಳಿಯುವ ಆಸಾಮಿ, ಅಷ್ಟೇ. ಹೋದ ಚಳಿಗಾಲದಲ್ಲಿ ಪರಿಚಯದವರು ಕೊಂಡಜ್ಜಿಯಲ್ಲಿ ಹೊಸಬರಿಗೆ ಅಂತಲೇ ಸಣ್ಣದೊಂದು ರೇಸ್ ಇಟ್ಟಾಗ ನಾನು, ನನ್ನ ಭಾಮೈದ, ಆಫೀಸಿನ ಗೆಳೆಯರೊಬ್ಬರು ಸೇರಿ ಹೆಸರು ಕೊಟ್ಟೆವು. ಗುಡ್ಡದಲ್ಲಿ ನಡಿಗೆ, ಓಟ 6 ಕಿ.ಮೀ., ಸೈಕಲ್ 18 ಕಿ.ಮೀ., ಕೆರೆಯಲ್ಲಿ ಸ್ವಲ್ಪ ದೋಣಿ, ಒಟ್ಟು 4 ಗಂಟೆ. ಇದರ ದೊಡ್ಡ ರೇಸ್‌ಗಳು ಹಗಲು ರಾತ್ರಿ ಎನ್ನದೆ ದಿನಗಟ್ಟಲೆ ನಡೆಯುತ್ತವೆ. ನಮ್ಮದು ಅದರ ಮರಿ.

ದಾರಿಯುದ್ದಕ್ಕೂ ಬಾಣದ ಗುರುತು ಇರುತ್ತೆ ಅಂದುಕೊಂಡಿದ್ದೆ. ಏನೂ ಇರಲಿಲ್ಲ. ಶುರುವಾಗಲು ಅರ್ಧ ಗಂಟೆ ಇದ್ದಾಗ ಕೈಗೊಂದು ಮ್ಯಾಪ್, ಒಂದು ಚೀಟಿ ಕೊಟ್ಟು, ಮೊಬೈಲ್‌ಗಳನ್ನು ಕವರಿಗೆ ಹಾಕಿ ಸೀಲ್ ಮಾಡಿ ವಾಪಸ್ ಕೊಟ್ಟರು. ಏನಾದರೂ ಅಪಾಯವಾದರೆ ಮಾತ್ರ ಒಡೆಯಬೇಕು. ಮ್ಯಾಪಿನಲ್ಲಿ ಸುತ್ತು ಹಾಕಿದ ಕಡೆಯೆಲ್ಲ ಚೆಕ್‌ಪಾಯಿಂಟ್. ಅಲ್ಲಿ ನೇತುಹಾಕಿದ ಕಿತ್ತಳೆ ಬಿಳಿ ಬಾವುಟ ಹುಡುಕಿ ಚೀಟಿಗೆ ತೂತು ಹೊಡೆದುಕೊಂಡು ಬರಬೇಕು, ಮೂವರೂ ಒಟ್ಟಿಗೇ. ಯಾವ ದಾರಿಯಲ್ಲಿ ಹೋಗ್ತೀರೋ ನಿಮ್ಮಿಷ್ಟ.

ಮ್ಯಾಪ್ ನನ್ನ ಕೈಲಿತ್ತು. 4 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ. ಎರಡನೇ ಚೆಕ್‌ಪಾಯಿಂಟ್ ಬರೀ ಎರಡು ಬೆರಳು ದೂರ ಕಂಡಿದ್ದೇ ತಡ, ಸ್ಕೇಲ್ ಇಟ್ಟ ಹಾಗೆ ನೇರ ಹೊರಟೆ. ಮಧ್ಯದ ಕಂದು ಗೆರೆಗಳನ್ನು ಎಣಿಸಲೇ ಇಲ್ಲ. 10 ಮೀಟರ್ ಎತ್ತರಕ್ಕೊಂದು ಗೆರೆ, ಎಂಟು ಗೆರೆ ಒತ್ತೊತ್ತಾಗಿದ್ದವು. ಅಂದರೆ 80 ಮೀಟರ್ ಕಡಿದಾದ ಏರು, ಕಲ್ಲು ಮುಳ್ಳಿನ ನಡುವೆ. ಏದುಸಿರು ಬಿಡುತ್ತಾ ಹತ್ತಿ ಇಳಿದರೆ, ಬುಡದ ಕಾಲುದಾರಿಯಲ್ಲಿ ಬಳಸಿಕೊಂಡು ಬಂದ ಕಾಲೇಜು ಹುಡುಗಿಯರ ಟೀಮು ಬಾವುಟದ ಹತ್ತಿರ ಕೂತು ಚಿಕ್ಕಿ ತಿನ್ನುತ್ತಿತ್ತು.

ಆಮೇಲೆ ಕಂಪಾಸ್ ಕಾಟ. ಮುಳ್ಳು ಒಂದೊಂದು ಸಲ ಒಂದೊಂದು ಕಡೆ ತೋರಿಸುತ್ತಿತ್ತು, ಕೆಟ್ಟಿದೆ ಅಂತ ಬೈದುಕೊಂಡೆ. ನೋಡಿದರೆ ನಾನು ಅದನ್ನು ಎದೆ ಜೇಬಿನ ಹತ್ತಿರ ಹಿಡಿದಿದ್ದೆ, ಜೇಬಿನಲ್ಲಿ ಮೊಬೈಲ್. ಅದರ ಸ್ಪೀಕರ್‌ನಲ್ಲಿ ಅಯಸ್ಕಾಂತ ಇರುತ್ತಲ್ವಾ! ಕೈ ಚಾಚಿ ಹಿಡಿದೆ, ಸರಿಹೋಯಿತು.

ಸೈಕಲ್‌ಗೆ ಬದಲಾಯಿಸುವ ಜಾಗದಲ್ಲಿ ಶೂ ಬಿಚ್ಚಿ, ಮಣ್ಣು ಕೊಡವಿ, ಬಾಟಲಿ ತುಂಬಿ, ಸುಮ್ನೆ ಹರಟಿ 14 ನಿಮಿಷ ಕಳೆದೆವು. ಯಾರೂ ಓಡಿ 14 ನಿಮಿಷ ಉಳಿಸಲಾರರು. ಏನೇನು ಮಾಡಬೇಕು ಅಂತ ಅಲ್ಲಿಗೆ ಮುಟ್ಟುವ ಮುಂಚೆಯೇ ಮಾತಾಡಿಕೊಳ್ಳಿ.

ನಮ್ಮ ಕಡೆ ಸೈಕಲ್ ಅಂದಮೇಲೆ ಜಾಲಿ ಮುಳ್ಳು ಇದ್ದದ್ದೇ. ಗೆಳೆಯರ ಹಿಂದಿನ ಚಕ್ರ ಪಂಕ್ಚರ್ ಆಯಿತು. ಹೊಸ ಟ್ಯೂಬ್ ಹಾಕಿ, ಗಾಳಿ ಹೊಡೆದು, ಹೆಮ್ಮೆಯಿಂದ ಹೊರಟು 200 ಮೀಟರ್ ಹೋಗಿರಲಿಲ್ಲ, ಮತ್ತೆ ಪುಸ್. ಟೈರಿನ ಒಳಗೆ ಬೆರಳಾಡಿಸಿ ನೋಡಿದಾಗ ತುದಿ ಚುಚ್ಚಿತು. ಮುರಿದ ಮುಳ್ಳು ಅಲ್ಲೇ ಕೂತಿತ್ತು, ಹೊರಗಿನಿಂದ ಕಾಣುವಂತೆಯೇ ಇರಲಿಲ್ಲ. ಚಿಮುಟ ಇರಲಿಲ್ಲ, ಭಾಮೈದ ಹಲ್ಲಿನಲ್ಲಿ ಕಚ್ಚಿ ಕಿತ್ತ. ಇನ್ನೊಂದು ಟ್ಯೂಬೂ ಇರಲಿಲ್ಲ, ಪ್ಯಾಚ್ ಹಾಕಿದೆವು. ಈಗ ಎರಡು ಟ್ಯೂಬ್ ಇಲ್ಲದೆ ನಾನು ಮನೆ ಬಿಡುವುದಿಲ್ಲ.

ದೋಣಿಯ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಲೈಫ್ ಜಾಕೆಟ್ ಕಡ್ಡಾಯ, ಈಜು ಬಂದರೂ. ನಾವು ಮೂವರೂ ಒಂದೇ ತಾಳಕ್ಕೆ ಹುಟ್ಟು ಹಾಕುವಷ್ಟರಲ್ಲಿ ದಡ ಬಂದಿತ್ತು.

ಕೊನೆಗೆ ಅರ್ಧ ಗಂಟೆ ಉಳಿದಿತ್ತು. ಒಂದು ಚೆಕ್‌ಪಾಯಿಂಟ್ ಕಡ್ಡಾಯವಿರಲಿಲ್ಲ, ಸಿಕ್ಕರೆ 10 ಅಂಕ. ಭಾಮೈದ ಬೇಡ ಅಂದ, ನಾನು ಹಟ ಹಿಡಿದೆ. ಬಾವುಟವೇನೋ ಸಿಕ್ಕಿತು. 11 ನಿಮಿಷ ತಡವಾಗಿ ಮುಟ್ಟಿದೆವು, ನಿಮಿಷಕ್ಕೊಂದು ಅಂಕದಂತೆ 11 ಕಡಿತ. ಊರು ಸೇರುವವರೆಗೂ ಅವನದು ಒಂದೇ ಮಾತು: "ಭಾವ, ಅದನ್ನ ಬಿಟ್ಟು ಬರೋಣ ಅಂದಿದ್ದೆ ನಾನು."